ಊರ ಹೊರಗೆ ಹುಟ್ಟಿದ ಊರು: ಬಸವನಗುಡಿಯ ನೂರಿಪ್ಪತ್ತೈದು ವರ್ಷ

ಬಸವನಗುಡಿ ಬಡಾವಣೆ ಹುಟ್ಟಿದ್ದು ಒಂದು ರೋಗದ ದೆಸೆಯಿಂದ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಡದೆ ಇದ್ದಿದ್ದರೆ ಇಲ್ಲಿ ಇಷ್ಟು ಅಗಲದ ರಸ್ತೆಗಳು ಇಷ್ಟು ಬೇಗ ಬರುತ್ತಿರಲಿಲ್ಲ. ಸರ್ಕಾರ ನಿವೇಶನ ಹಂಚಿತು, ಚರಂಡಿ ತೋಡಿಸಿತು, ನಲ್ಲಿ ಹಾಕಿಸಿತು. ಶಾಲೆ, ಆಶ್ರಮ, ವಾಚನಾಲಯ, ಉಪನ್ಯಾಸ ಮಂದಿರ, ಕ್ಲಬ್ಬು, ಸಂಗೀತ ಸಭೆಗಳು ಬಹುಪಾಲು ಇಲ್ಲಿಗೆ ಬಂದು ನೆಲೆಸಿದವರ ದುಡಿಮೆ. ಒಬ್ಬರ ಗಾಳಿ ಇನ್ನೊಬ್ಬರಿಗೆ ಸೋಕಬಾರದೆಂದು ಅಳೆದು ಬಿಡಿಸಿದ ಬಡಾವಣೆಯಲ್ಲಿ, ಸಂಜೆಯಾದರೆ ಜನ ಒಂದೆಡೆ ಕೂತು ಕೇಳುವ, ವಾದಿಸುವ, ಓದುವ ರೂಢಿ ಬೆಳೆಯಿತು. ನೂರಿಪ್ಪತ್ತೈದು ವರ್ಷದ ನೆನಪಿಗೆ ಬರೆಯುವ ಈ ಲೇಖನದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾದ್ದು ಆ ರೂಢಿಯ ಕತೆ.

ಬಡಾವಣೆಗೂ ಮೊದಲು: ಸುಂಕೇನಹಳ್ಳಿ

ಇಲ್ಲಿದ್ದದ್ದು ಸುಂಕೇನಹಳ್ಳಿ. ಪಕ್ಕದಲ್ಲಿ ಮಾವಳ್ಳಿ, ಗುಟ್ಟಹಳ್ಳಿ, ಆಚೆಗೆ ಯಡಿಯೂರು, ನಾಗಸಂದ್ರ. ಕೋಟೆಯ ದಕ್ಷಿಣಕ್ಕೆ ಹೊಲ, ತೋಪು, ಕೆರೆ, ಅವುಗಳ ನಡುವೆ ಎದ್ದು ನಿಂತ ಕರಿಬಂಡೆಗಳು. ಬ್ಯೂಗಲ್ ರಾಕ್ ಎಂದು ಎಲ್ಲರೂ ಕರೆಯುವ ಕಹಳೆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಲಾಲ್‌ಬಾಗಿನ ಬಂಡೆಯ ಒಡಹುಟ್ಟು. ಮುಸ್ಸಂಜೆಯಲ್ಲಿ ಕಾವಲಿನವರು ಅದರ ಮೇಲೆ ನಿಂತು ಕಹಳೆ ಊದುತ್ತಿದ್ದರಂತೆ, ಹೆಸರು ಅದರಿಂದ ಬಂತು ಎನ್ನುತ್ತಾರೆ.

ಬಂಡೆಯ ಮಗ್ಗುಲಲ್ಲೇ ಕೆಂಪೇಗೌಡರ ಕಾಲದ್ದೆಂದು ಹೇಳುವ ಬಸವನ ಗುಡಿ. ಒಂದೇ ಕಲ್ಲಿನಲ್ಲಿ ಕಡೆದ ಬಸವ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಮೂಲದಲ್ಲಿ ಬೂದುಬಣ್ಣದ ಕಲ್ಲು. ತಲೆತಲಾಂತರದಿಂದ ಎಣ್ಣೆ ಮತ್ತು ಇದ್ದಿಲು ಬಳಿದು ಬಳಿದು ಈಗ ಎಣ್ಣೆಗಪ್ಪು. ಕೆಳಗೆ ದೊಡ್ಡ ಗಣಪತಿ. ವೃಷಭಾವತಿ ಹೊಳೆಯ ಮೂಲಗಳಲ್ಲಿ ಒಂದು ಈ ಬಸವನ ಬಳಿಯೇ ಇದೆ ಎಂಬುದು ಹಳಬರ ನಂಬಿಕೆ. ಹೊಳೆಗೆ ಹೆಸರು ಬಂದದ್ದೂ ಅವನಿಂದಲೇ.

ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಕತೆ ಇಲ್ಲಿ ಮಕ್ಕಳಿಗೂ ಗೊತ್ತು. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ರೈತರು ಬೆನ್ನಟ್ಟಿದರು, ಅವನು ಇಲ್ಲಿ ಕಲ್ಲಾದ, ವರ್ಷದ ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವ ಹರಕೆ ಹೊತ್ತರು. ಕಡಲೆಕಾಯಿ ನಮ್ಮ ನೆಲಕ್ಕೆ ಅಮೆರಿಕ ಖಂಡದಿಂದ ಬಂದ ಬೆಳೆ. ಹಾಗಾಗಿ ಕತೆ ಗುಡಿಗಿಂತ ಬಹಳ ಈಚಿನದಿರಬೇಕು ಎಂಬುದು ನನ್ನ ಊಹೆ. ಅದರಿಂದ ಕತೆಯ ಬೆಲೆಯೇನೂ ಕಡಿಮೆಯಾಗದು. ಇದು ರೈತರ ನೆಲವಾಗಿತ್ತು ಎಂಬುದಕ್ಕೆ ದಾಖಲೆಪತ್ರಗಳಿಗಿಂತ ಗಟ್ಟಿಯಾದ ಸಾಕ್ಷಿ ಅದೇ. ಹೊಲಗಳು ಹೋದವು, ಪರಿಷೆ ಉಳಿಯಿತು. ಇಂದಿಗೂ ಸುತ್ತಲ ಜಿಲ್ಲೆಗಳಿಂದ, ತಮಿಳುನಾಡು ಆಂಧ್ರಗಳಿಂದ ಮೂಟೆ ಹೊತ್ತು ಬರುವ ಬೆಳೆಗಾರರು ರಸ್ತೆಬದಿಯಲ್ಲಿ ಕಾಯಿ ಸುರಿದು ಸೇರಿನಲ್ಲಿ ಅಳೆದು ಕೊಡುತ್ತಾರೆ.

1898–1905: ಪ್ಲೇಗು, ನಕ್ಷೆ, ಮೊದಲ ಮನೆಗಳು

ಪೇಟೆಯಿಂದ ಹೊರಗೆ ಊರನ್ನು ಬೆಳೆಸುವ ಯೋಚನೆ ಹೊಸದೇನಲ್ಲ. 1892ರಲ್ಲೇ ಚಾಮರಾಜಪೇಟೆ ಎದ್ದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ರೈಲು ಹಿಡಿದು ಬೆಂಗಳೂರಿಗೆ ಬಂದಾಗ ಆ ಯೋಚನೆ ತುರ್ತಿನ ಕೆಲಸವಾಯಿತು. ಪೇಟೆಯ ಓಣಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿತ್ತು. 'ಇಲಿ ಬಿತ್ತು' ಎಂಬ ಸುದ್ದಿ ಬಂದ ಗಳಿಗೆಯಲ್ಲೇ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಳ್ಳುವುದು ವಾಡಿಕೆಯಾಯಿತು. ತಪಾಸಣೆಯವರ ಕೈಗೆ ಸಿಕ್ಕಿ ಕ್ಯಾಂಪು ಸೇರುವ ಭಯ ರೋಗದ ಭಯಕ್ಕಿಂತ ಕಡಿಮೆಯದಾಗಿರಲಿಲ್ಲ. ಬೀದಿ ಮೂಲೆಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಬೆಂಗಳೂರಿನಲ್ಲಿ ಟೆಲಿಫೋನು ಬಳಕೆಗೆ ಬಂದದ್ದೂ ಪ್ಲೇಗು ನಿವಾರಣೆಯ ಕೆಲಸಕ್ಕಾಗಿಯೇ.

ಆಗ ರೀಜೆಂಟರಾಗಿದ್ದವರು ವಾಣೀವಿಲಾಸ ಸನ್ನಿಧಾನದವರು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿ ಹೊಣೆ ಹೊತ್ತವರು ಮುಂದೆ ದಿವಾನರಾದ ವಿ.ಪಿ. ಮಾಧವರಾವ್. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಎರಡೂ ಒಂದೇ ಗಳಿಗೆಯ ಕೂಸುಗಳು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೊಂ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡಿದ್ದರೂ ಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಆಗಿನ ಅಧಿಕಾರಿಗಳಿಗೆ ಗೊತ್ತಿದ್ದ ಮದ್ದು ಗಾಳಿ, ಬಿಸಿಲು, ಬಯಲು. ಆದ್ದರಿಂದಲೇ ನಕ್ಷೆಯಲ್ಲಿ ನೇರವಾದ ಅಗಲ ರಸ್ತೆ, ಮನೆಯ ಸುತ್ತ ಜಾಗ, ನಡುವೆ ದೊಡ್ಡ ಚೌಕ. ಆ ಚೌಕದ ನೆನಪು ನಾರ್ತ್ ಪಬ್ಲಿಕ್ ಸ್ಕ್ವೇರ್ ರಸ್ತೆಯ ಹೆಸರಿನಲ್ಲಿ ಈಗಲೂ ಇದೆ. ಮುಂದೆ ಹಂಗಾಮಿ ದಿವಾನರಾಗಿದ್ದ ಎಂ.ಎನ್. ಕೃಷ್ಣರಾಯರ ಹೆಸರಿನ ಉದ್ಯಾನ ಬಡಾವಣೆಯ ಒಡಲಿನಲ್ಲಿ ತಂಪಾಗಿ ನಿಂತಿತು. ರೋಗದ ಕಾರಣ ತಪ್ಪಾಗಿ ತಿಳಿದು ಬರೆದ ನಕ್ಷೆಯಿಂದ ಒಳ್ಳೆಯ ಊರು ಬಂತು.

ನೀರು ಹೆಸರಘಟ್ಟದಿಂದ ಬರುತ್ತಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದ ಮೇಲೆ ಊರ ಹೊರಗಿನ ಕತ್ತಲೆಯ ಅಳುಕು ಮೆಲ್ಲಗೆ ಹೋಯಿತು. ಮೊದಲು ಬಂದವರು ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು, ಪೇಟೆಯ ವ್ಯಾಪಾರಸ್ಥರು. ಮುಂದೆ ಜಗುಲಿ, ಮೇಲೆ ಮಂಗಳೂರು ಹೆಂಚು ಅಥವಾ ಮದ್ರಾಸ್ ತಾರಸಿ, ಒಳಗೆ ಕಾಲಿಗೆ ತಣ್ಣಗೆ ತಾಗುವ ಕೆಂಪು ಕಾವಿ ನೆಲ, ನಡುಮನೆಯ ಬೆಳಕಿಂಡಿ, ಹಿತ್ತಿಲಲ್ಲಿ ಬಾವಿ, ತೆಂಗು, ಸಂಪಿಗೆ, ಕರಿಬೇವು, ಬಚ್ಚಲಲ್ಲಿ ತಾಮ್ರದ ಹಂಡೆ. ಕಿಟಕಿಯ ಮೇಲೆ ಮರದ ಚೂಪು ಚಾವಣಿ ಇಳಿಬಿಟ್ಟ 'ಮಂಕಿ ಟಾಪ್' ಬಂಗಲೆಗಳು ಸ್ವಲ್ಪ ಅನುಕೂಲಸ್ಥರವು. ಸಂಬಳ ಸಾಲದವರಿಗೆ ವಠಾರ. ಒಂದೇ ಅಂಗಳ, ಒಂದೇ ನಲ್ಲಿ, ಸುತ್ತ ಸಾಲು ಮನೆಗಳು. ಬಡಾವಣೆಯ ಎಷ್ಟೋ ಹೆಸರಾಂತ ಮಕ್ಕಳು ಬೆಳೆದದ್ದು ಆ ಅಂಗಳಗಳಲ್ಲಿ. ನಲ್ಲಿಯ ಸರದಿಗೆ ಜಗಳವಾಡಿದವರೇ ರಾತ್ರಿ ಒಬ್ಬರ ಮಗುವಿಗೆ ಜ್ವರ ಬಂದರೆ ಇನ್ನೊಬ್ಬರು ಎದ್ದು ಕೂರುತ್ತಿದ್ದರು.

ಈ ನಕ್ಷೆಯಲ್ಲಿ ನಾವು ಹೆಮ್ಮೆಪಡಲಾಗದ್ದೂ ಇದೆ. ನಿವೇಶನ ಹಂಚಿಕೆ ಜಾತಿ ಕೋಮುಗಳನ್ನು ನೋಡಿಕೊಂಡೇ ನಡೆಯಿತು, ಅದು ಆ ಕಾಲದ ಪದ್ಧತಿಯಾಗಿತ್ತು. ಮನೆಗಳ ಸಾಲಿನ ಬೆನ್ನಿಗೆ ಒಂದು ಕಿರುಗಲ್ಲಿ ಬಿಟ್ಟಿದ್ದರು. ಕನ್ಸರ್ವೆನ್ಸಿ ಎಂದು ಕರೆಯುತ್ತಿದ್ದ ಈ ಗಲ್ಲಿಯ ಅಗಲ ಒಬ್ಬ ಮನುಷ್ಯ ಬುಟ್ಟಿ ಹಿಡಿದು ನಡೆಯುವಷ್ಟು. ಹಿತ್ತಿಲ ಗೋಡೆಯಲ್ಲಿ ನೆಲಮಟ್ಟಕ್ಕೆ ಒಂದು ಚಿಕ್ಕ ಬಾಗಿಲು. ಬೆಳಗಿನ ಜಾವ ಜಾಡಮಾಲಿಗಳು ಅಲ್ಲಿಂದ ಬಂದು ಮಲ ಹೊತ್ತು ಹೋಗುತ್ತಿದ್ದರು, ಮುಂಬಾಗಿಲಿನವರ ಕಣ್ಣಿಗೆ ಬೀಳದ ಹಾಗೆ. ಬಸವನಗುಡಿ ಆರೋಗ್ಯಕರ ಬಡಾವಣೆ ಎನಿಸಿಕೊಂಡದ್ದು ಅವರ ಬೆನ್ನಿನ ಮೇಲೆ. ಒಳಚರಂಡಿ ಬಂದ ಮೇಲೆ ಗಲ್ಲಿಗಳನ್ನು ಕೆಲವರು ಒತ್ತರಿಸಿಕೊಂಡರು, ಕೆಲವು ಇನ್ನೂ ಇವೆ. ಕಟ್ಟಿದವರ ಹೆಸರುಗಳು ನಮ್ಮ ರಸ್ತೆ, ವೃತ್ತಗಳ ಮೇಲಿವೆ. ಬಡಾವಣೆಯನ್ನು ಚೊಕ್ಕಟವಾಗಿಟ್ಟವರ ಹೆಸರು ಒಂದು ಕಡೆಯೂ ಇಲ್ಲ.

1901–1917: ನೆಲೆಸಿದವರ ಮೊದಲ ಕೆಲಸಗಳು

ಮನೆಗಳ ಗಾರೆ ಒಣಗುವ ಮೊದಲೇ ಸಂಸ್ಥೆಗಳು ಶುರುವಾದವು. 1901ರಲ್ಲಿ ಬಸವನಗುಡಿ ಯೂನಿಯನ್ ಅಂಡ್ ಸರ್ವಿಸ್ ಕ್ಲಬ್. 1905ರಲ್ಲಿ ಆರಂಭವಾದ ಗಾಯನ ಸಮಾಜ ಕೃಷ್ಣರಾಜೇಂದ್ರ ರಸ್ತೆಯಲ್ಲಿ ನೆಲೆ ಕಂಡಿತು. ಅದೇ 1905ರದ್ದು ಅಬಲಾಶ್ರಮ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು ಅಡುಗೆಮನೆಯ ಮೂಲೆ ಸೇರಿದ ಹೆಣ್ಣುಮಕ್ಕಳು ಆಗ ಮೇಲ್ಜಾತಿಯ ಎಷ್ಟೋ ಮನೆಗಳಲ್ಲಿದ್ದರು. ಅವರಿಗೆ ಆಸರೆ ಕೊಟ್ಟು, ಅಕ್ಷರ ಕಲಿಸಿ, ಕಾಲಮೇಲೆ ನಿಲ್ಲಿಸುವ ಕೆಲಸಕ್ಕೆ ಈ ಸಂಪ್ರದಾಯಸ್ಥ ಬಡಾವಣೆಯಲ್ಲೇ ಕೈಹಚ್ಚಿದ್ದು ಸಣ್ಣ ಧೈರ್ಯವಲ್ಲ. ಬಸವನಗುಡಿಯನ್ನು ಮಡಿವಂತರ ಕೇರಿ ಎಂದಷ್ಟೇ ತಿಳಿದವರು ಈ ಇಸವಿಯನ್ನು ಮರೆಯಬಾರದು.

ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದ ಕೆಲಸ ಬೆಂಗಳೂರಿನಲ್ಲಿ ಶುರುವಾದದ್ದು 1904ರಲ್ಲಿ. ಮೈಸೂರು ಅರಸರು ಕೊಟ್ಟ ನೆಲದಲ್ಲಿ 1906ರಲ್ಲಿ ಸ್ವಾಮಿ ಅಭೇದಾನಂದರು ಅಡಿಗಲ್ಲಿಟ್ಟರು, 1909ರ ಜನವರಿಯಲ್ಲಿ ಸ್ವಾಮಿ ಬ್ರಹ್ಮಾನಂದರು ಆಶ್ರಮವನ್ನು ತೆರೆದರು. 1911ರ ಮಾರ್ಚ್‌ನಲ್ಲಿ ಶ್ರೀಮಾತೆ ಶಾರದಾದೇವಿಯವರು ದಕ್ಷಿಣ ಯಾತ್ರೆಯಲ್ಲಿ ಬಂದು ಇಲ್ಲಿ ಉಳಿದರು. ಆಶ್ರಮದ ಹಿಂದಿನ ಬಂಡೆಯ ಮೇಲೆ ಒಂದು ಸಂಜೆ ಕೂತು ಅವರು ಜಪ ಮಾಡಿದ ಜಾಗವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಕಹಳೆ ಬಂಡೆಯ ಸಾಲಿನ ಕಲ್ಲುಗಳಲ್ಲಿ ಅದೂ ಒಂದು.

ಪಕ್ಕದಲ್ಲಿ ಶೃಂಗೇರಿಯ ಶಂಕರಮಠ 1907ರಲ್ಲಿ ಬಂತು, ಅದರ ಸುತ್ತ ಶಂಕರಪುರ ಬೆಳೆಯಿತು. ಜಮ್‌ಷೆಡ್‌ಜಿ ಟಾಟಾ ರೇಷ್ಮೆ ಕೃಷಿಯ ಪ್ರಯೋಗಕ್ಕೆ ತೆರೆದ ತೋಟ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಸ್ ಸ್ಟಾಪಿನ ಹೆಸರಾಗಿ ಉಳಿದಿದೆ.

1917–1942: ನ್ಯಾಷನಲ್ ಹೈಸ್ಕೂಲ್

ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯ ಕಾವಿನಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲ್ ತೆರೆಯಿತು. ಮುಂದೆ ಅದರ ಹೊಣೆ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಕೈಗೆ ಬಂತು. ಹಣದ ಅಡಚಣೆ, ಆಡಳಿತದ ಭಿನ್ನಾಭಿಪ್ರಾಯಗಳು ಇದ್ದೇ ಇದ್ದವು. ಅವನ್ನೆಲ್ಲ ದಾಟಿಸಿದ್ದು ಕಡಿಮೆ ಸಂಬಳಕ್ಕೆ ಬಾಳನ್ನೇ ತೆತ್ತ ಮೇಷ್ಟ್ರುಗಳು. ಅವರಲ್ಲಿ ಮುಖ್ಯೋಪಾಧ್ಯಾಯ ಕೆ. ಸಂಪತ್‌ಗಿರಿರಾಯರ ಹೆಸರನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ಮರ್ಯಾದೆಯಿಂದ ಎತ್ತುತ್ತಾರೆ.

1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಒಬ್ಬ ಬಡ ಹುಡುಗ ಈ ಶಾಲೆಗೆ ಸೇರಲು ಬಂದ. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಊರಿನಿಂದ ನಡೆದೇ ಬಂದಿದ್ದ. ಮರುವರ್ಷ, 1936ರಲ್ಲಿ, ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ನಿಂತವನು ಅದೇ ಹುಡುಗ, ಎಚ್. ನರಸಿಂಹಯ್ಯ. ಆಮೇಲೆ ಖಾದಿ ಬಿಡಲಿಲ್ಲ, ಬಸವನಗುಡಿಯನ್ನೂ ಬಿಡಲಿಲ್ಲ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಹೊರಬಂದು ಭೌತಶಾಸ್ತ್ರ ಮುಗಿಸಿ, ಮೇಷ್ಟ್ರಾಗಿ, ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಇಲ್ಲಿಗೇ ಬಂದರು.

1943–1949: ಆರೇಳು ವರ್ಷಗಳ ಸುಗ್ಗಿ

ಬಸವನಗುಡಿಯ ಚರಿತ್ರೆಯಲ್ಲಿ ಒಂದು ಕಾಲವನ್ನು ಆರಿಸಿಕೊಳ್ಳಿ ಎಂದರೆ ನಾನು ಈ ಆರೇಳು ವರ್ಷಗಳನ್ನು ಆರಿಸಿಕೊಳ್ಳುತ್ತೇನೆ. ಯುದ್ಧದ ಅಭಾವ, ರೇಷನ್ ಅಂಗಡಿಯ ಸಾಲು, ಚಳವಳಿಯ ಜೈಲುವಾಸ ಇವುಗಳ ನಡುವೆ ಒಂದರ ಹಿಂದೊಂದು ಸಂಸ್ಥೆಗಳು ಹುಟ್ಟಿದವು.

1943ರಲ್ಲಿ ಗಾಂಧಿಬಜಾರಿನಲ್ಲಿ ವೆಂಕಟರಮಣ ಉರಾಳರು ವಿದ್ಯಾರ್ಥಿ ಭವನ ತೆರೆದರು. ಹತ್ತಿರದ ಶಾಲೆಗಳ ಹುಡುಗರಿಗಾಗಿ ಶುರುವಾದ ಸಣ್ಣ ಹೋಟೆಲು, ಹೆಸರೇ ಅದನ್ನು ಹೇಳುತ್ತದೆ. ಆ ಶಾಲೆಗಳಲ್ಲಿ ಒಂದಾದ ನರಸಿಂಹರಾಜ ಕಾಲೊನಿಯ ಆಚಾರ್ಯ ಪಾಠಶಾಲೆ ಅಷ್ಟರಲ್ಲಿ ನಡೆಯುತ್ತಿತ್ತು, ಪ್ರೊ. ಎನ್. ಅನಂತಾಚಾರ್ 1935ರಲ್ಲಿ ಅದನ್ನು ಆರಂಭಿಸಿದ್ದರು. 1970ರಲ್ಲಿ ಹೋಟೆಲು ರಾಮಕೃಷ್ಣ ಅಡಿಗರ ಕೈಗೆ ಬಂತು. ದಪ್ಪ ಗರಿಗರಿ ಮಸಾಲೆ ದೋಸೆಯ ತಟ್ಟೆಗಳನ್ನು ಮೊಣಕೈವರೆಗೆ ಒಂದರ ಮೇಲೊಂದು ಪೇರಿಸಿಕೊಂಡು, ಒಂದನ್ನೂ ಜಾರಿಸದೆ ಮೇಜುಗಳ ಸಂದಿಯಲ್ಲಿ ನಡೆದುಬರುವ ಪರಿಚಾರಕರ ಕೈಚಳಕ ಇಂದಿಗೂ ಹಾಗೇ ಇದೆ. ಗೋಡೆಗಳ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳು. ಸಾಹಿತ್ಯ ಚರಿತ್ರೆಯ ಎಷ್ಟೋ ಅಧ್ಯಾಯಗಳು ಇಲ್ಲಿ ಅರ್ಧ ಕಾಫಿಯ ಮೇಲೆ ನಡೆದಿವೆ.

ಅದೇ 1943ರಲ್ಲಿ ಡಿ.ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' ಪ್ರಕಟವಾಯಿತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರ ಶಾಲೆಯ ಓದು ಮೆಟ್ರಿಕ್ ದಾಟಲಿಲ್ಲ. ಪತ್ರಿಕೋದ್ಯಮ ಅವರ ವೃತ್ತಿ, ನಾಗಸಂದ್ರ ರಸ್ತೆಯ ಮನೆ ಅವರ ನೆಲೆ, ಬಡಾವಣೆಯ ಸಂಜೆಗಳು ಅವರ ತರಗತಿ. ಸ್ವಾತಂತ್ರ್ಯ ಹತ್ತಿರ ಬರುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ನಡೆಸುವ ಪ್ರಜೆಗೆ ತಯಾರಿ ಎಲ್ಲಿ ಎಂಬ ಪ್ರಶ್ನೆ ಡಿವಿಜಿಯವರನ್ನು ಕಾಡಿತು. ಬಜೆಟ್ಟು ಎಂದರೇನು, ಶಾಸನ ಹೇಗೆ ಆಗುತ್ತದೆ, ಪೌರನ ಹಕ್ಕಿನ ಜೊತೆಗೆ ಅವನ ಹೊಣೆಯೇನು ಎಂಬುದನ್ನು ಪಕ್ಷದ ಹಂಗಿಲ್ಲದೆ ಕೂತು ಓದುವ ಜಾಗ ಬೇಕಿತ್ತು. 1945ರ ಫೆಬ್ರವರಿ 18ರಂದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿತು. ತಾವು ಗುರುವೆಂದು ತಿಳಿದ ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನೇ ಅದಕ್ಕಿಟ್ಟರು.

ಈ ಸಂಸ್ಥೆಯಲ್ಲಿ ಡಿವಿಜಿಯವರು ತಮಗಿಂತ ಅರ್ಧ ವಯಸ್ಸಿನ ಹುಡುಗರನ್ನು ಕೂರಿಸಿಕೊಂಡು ವಾರವಾರ ಅಧ್ಯಯನ ಗೋಷ್ಠಿ ನಡೆಸಿದರು. ಭಗವದ್ಗೀತೆಯೂ ಇತ್ತು, ರಾಜ್ಯಶಾಸ್ತ್ರವೂ ಇತ್ತು. ಅವರ ಮನಸ್ಸಿನಲ್ಲಿ ಆ ಎರಡಕ್ಕೂ ನಡುವೆ ಗೋಡೆ ಇರಲಿಲ್ಲ. 1970ರಲ್ಲಿ ಕಲಾಕ್ಷೇತ್ರದಲ್ಲಿ ನಾಡು ಅವರನ್ನು ಸನ್ಮಾನಿಸಿ 90,000 ರೂಪಾಯಿ ನಿಧಿ ಅರ್ಪಿಸಿದಾಗ ಅಷ್ಟನ್ನೂ ಸಂಸ್ಥೆಗೆ ಕೊಟ್ಟು ಎಂದಿನಂತೆ ಮನೆಗೆ ನಡೆದರು. ತಮಗೆ ಸಂದ ಸರ್ಕಾರಿ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರು ಎಂಬ ಮಾತು ಬಡಾವಣೆಯಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ಕಹಳೆ ಬಂಡೆಯ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ, ಗಾಂಧಿಬಜಾರಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಅವರ ಮಗ, ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ, 'ಹಸಿರು ಹೊನ್ನು' ಬರೆದು ಗಿಡಮರಗಳ ಶಾಸ್ತ್ರವನ್ನು ನಗುನಗುತ್ತಾ ಓದುವ ಹಾಗೆ ಮಾಡಿದರು. ತಂದೆಗೂ ಮಗನಿಗೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಅಪರೂಪದ ಮನೆ ಅದು.

1945ರಲ್ಲೇ ನ್ಯಾಷನಲ್ ಕಾಲೇಜು ಶುರುವಾಯಿತು. ಅದೇ ವರ್ಷ ಆಗಸ್ಟ್ 11ರಂದು ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ತೆರೆದರು. ವಾಡಿಯಾ ಅವರೆಂದರೆ 1918ರಲ್ಲಿ ಮದ್ರಾಸಿನ ಗಿರಣಿ ಕೆಲಸಗಾರರ ಸಂಘ ಕಟ್ಟಿದವರು, ದೇಶದ ಮೊದಲ ಕಾರ್ಮಿಕ ಸಂಘಗಳಲ್ಲಿ ಅದೊಂದು. ಮುಂಬಯಿಯ ಪಾರ್ಸಿ ಮನೆತನದ ಈ ಥಿಯಾಸಫಿಸ್ಟರು ಕಡೆಯ ವರ್ಷಗಳಿಗೆ ಆರಿಸಿಕೊಂಡದ್ದು ನಮ್ಮ ಬಡಾವಣೆಯನ್ನು. ಜನ ಸುಲಭವಾಗಿ 'ವಾಡಿಯಾ ಹಾಲ್' ಎನ್ನುತ್ತಾರೆ. ಸಂಜೆ ಉಪನ್ಯಾಸ ಅಥವಾ ಸಂಗೀತ, ಹಗಲು ಓದುಮನೆ. ಪರೀಕ್ಷೆಗೆ ಓದುವ ಹುಡುಗರು, ಪಿಂಚಣಿಯ ಹಿರಿಯರು, ಕತೆಪುಸ್ತಕ ಹುಡುಕುವ ಮಕ್ಕಳು ಒಂದೇ ಸೂರಿನಡಿ ಕೂರುವುದು ಅಲ್ಲಿ ದಿನನಿತ್ಯದ ನೋಟ. ಒಂದೇ ವರ್ಷದಲ್ಲಿ, ನಡೆದು ಹೋಗಬಹುದಾದ ದೂರದಲ್ಲಿ ಮೂರು ಸಂಸ್ಥೆಗಳು. ಒಬ್ಬರು ಗೋಖಲೆಯ ಸೌಮ್ಯಮಾರ್ಗದವರು, ಇನ್ನೊಬ್ಬರು ಗಾಂಧಿಯ ದಾರಿಯವರು, ಮತ್ತೊಬ್ಬರು ಬ್ರಹ್ಮವಿದ್ಯೆಯವರು. ವಿಚಾರದಲ್ಲಿ ಒಬ್ಬರಿಗೊಬ್ಬರು ಪೂರ್ತಿ ಒಪ್ಪುವವರಲ್ಲ. ಕೇಳಲು ಬರುತ್ತಿದ್ದ ಜನ ಮಾತ್ರ ಅವರೇ.

1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬುಲ್ ಟೆಂಪಲ್ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ದೇಶದಲ್ಲಿ ಖಾಸಗಿಯವರು ಸ್ಥಾಪಿಸಿದ ಮೊದಮೊದಲ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೊಂದು. ಕೈಗಾರಿಕೆಗಳು ಬೆಳೆಯುತ್ತಿದ್ದ ಬೆಂಗಳೂರಿಗೆ ಎಂಜಿನಿಯರುಗಳು ಬೇಕಿದ್ದರು, ಸರ್ಕಾರಿ ಕಾಲೇಜಿನ ಸೀಟುಗಳು ಸಾಲುತ್ತಿರಲಿಲ್ಲ. 1964ರಲ್ಲಿ ಅವರ ಹೆಸರಿನ ಮಹಿಳಾ ಕಾಲೇಜೂ ಬಂತು. ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಹಿಂಜರಿಯುತ್ತಿದ್ದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರೆ ಹುಟ್ಟಿದ್ದು ಅದರಿಂದ.

ದೊಡ್ಡ ಕಟ್ಟಡಗಳ ಈ ಪಟ್ಟಿಯಲ್ಲಿ ಗಾಂಧಿಬಜಾರಿನ ಒಂದು ಪುಟ್ಟ ಅಂಗಡಿಯನ್ನೂ ಸೇರಿಸದಿದ್ದರೆ ಚರಿತ್ರೆ ಅಪೂರ್ಣ. 1948ರಲ್ಲಿ ಹಪ್ಪಳ ಸಂಡಿಗೆ ಮಾರಲು ಶುರುಮಾಡಿದ ಸುಬ್ಬಮ್ಮ ಎಂಬ ವಿಧವೆಯ ಅಂಗಡಿ ಅದು. ಗಂಡನಿಲ್ಲದ ಹೆಣ್ಣು ಅಂಗಡಿ ಹಾಕಿ ವ್ಯಾಪಾರಕ್ಕೆ ಕೂರುವುದು ಆಗಿನ ಬಸವನಗುಡಿಯಲ್ಲಿ ನೋಡಸಿಗದ ಮಾತು. ಕೋಡುಬಳೆ, ಚಕ್ಕುಲಿ, ಹುರಿಗಾಳು, ಸಾರಿನಪುಡಿಗಳ 'ಸುಬ್ಬಮ್ಮನ ಅಂಗಡಿ' ಈಗಲೂ ನಡೆಯುತ್ತಿದೆ. ವಿದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಅಲ್ಲಿಯ ಒಂದು ಪೊಟ್ಟಣ ಇದ್ದೇ ಇರುತ್ತದೆ.

1949ರಲ್ಲಿ ನಗರ ಪುರಸಭೆಯೂ ದಂಡಿನ ಪುರಸಭೆಯೂ ಒಂದಾಗಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಊರ ಹೊರಗಿನ ಬಡಾವಣೆ ಆ ಹೊತ್ತಿಗೆ ಊರ ಒಳಗೆ ಬಂದಿತ್ತು.

1950–1986: ದಾರಿಯಲ್ಲಿ ಎದುರಾಗುತ್ತಿದ್ದ ಹಿರಿಯರು

ಬಸವನಗುಡಿಯ ಹಿರಿಯರನ್ನು ನೋಡಲು ಯಾರೂ ಅಪಾಯಿಂಟ್‌ಮೆಂಟ್ ಕೇಳುತ್ತಿರಲಿಲ್ಲ, ದಾರಿಯಲ್ಲೇ ಸಿಗುತ್ತಿದ್ದರು. ಗವಿಪುರದ ಮನೆಯಿಂದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕೋಟು, ಕೊಡೆಯ ಸಮೇತ ಸಂಜೆ ಕ್ಲಬ್ಬಿಗೆ ನಡೆದು ಹೋಗುತ್ತಿದ್ದುದು ಬೀದಿಯವರಿಗೆ ಗಡಿಯಾರ. ಅಲ್ಲಿ ಗೆಳೆಯರೊಂದಿಗೆ ಇಸ್ಪೀಟಾಟ, ಆಮೇಲೆ ಮನೆ. ಮೈಸೂರು ಸಿವಿಲ್ ಸರ್ವೀಸಿನ ಉನ್ನತ ಹುದ್ದೆಯಿಂದ, ಅರ್ಹ ಬಡ್ತಿಯ ವಿಷಯದಲ್ಲಿ ಮನಸ್ಸಿಗೆ ನೋವಾದಾಗ, ಗದ್ದಲವಿಲ್ಲದೆ ಹೊರಬಂದವರು ಅವರು. ಆಮೇಲೆ ಎರಡು ದಶಕ 'ಜೀವನ' ಪತ್ರಿಕೆ ನಡೆಸಿದರು. 1956ರ 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. 1891ರ ಜೂನ್ 6ರಂದು ಹುಟ್ಟಿ 1986ರ ಜೂನ್ 6ರಂದೇ ತೀರಿಕೊಂಡರು. ಅವರು ಬಾಳಿದ ಮನೆ ಈಗ ಸ್ಮಾರಕವಾಗಿದೆ.

ನಿಟ್ಟೂರು ಶ್ರೀನಿವಾಸರಾಯರು ಇನ್ನೊಬ್ಬರು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಕೇಂದ್ರ ಜಾಗೃತ ಆಯೋಗದ ಮೊದಲ ಆಯುಕ್ತರು. ಕನ್ನಡ ಪುಸ್ತಕ ಪ್ರಕಾಶನಕ್ಕೆ ಕೈಯಿಂದ ಹಣ ಹಾಕಿ ಸತ್ಯಶೋಧನ ಪ್ರಕಟಣ ಮಂದಿರ ನಡೆಸಿದವರು. 1903ರಲ್ಲಿ ಹುಟ್ಟಿದ ಅವರು ನೂರು ತುಂಬಿಸಿ 2004ರಲ್ಲಿ ಅಗಲಿದರು.

ನರಸಿಂಹಯ್ಯನವರು, ಎಲ್ಲರ ಬಾಯಲ್ಲಿ ಎಚ್ಚೆನ್, 1961ರಿಂದ 1972ರವರೆಗೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, ಆಮೇಲೆ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ಕುಲಪತಿಯಾದಾಗಲೂ ಅವರ ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರ ವಿಜ್ಞಾನದ ಉಪನ್ಯಾಸ ಏರ್ಪಡಿಸಿತು. ಹೆಸರಾಂತ ವಿಜ್ಞಾನಿಗಳು ಬಂದು ಮಾತಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಚೀಲ ಹಿಡಿದು ಕೂತ ಹೈಸ್ಕೂಲ್ ಹುಡುಗಿಯೂ ಎದ್ದು ಪ್ರಶ್ನೆ ಕೇಳಬಹುದಿತ್ತು. ಪವಾಡಗಳನ್ನು ಪರೀಕ್ಷಿಸಬೇಕೆಂದು ಅವರು ಹೊರಟಾಗ ಬಡಾವಣೆಯ ಅನೇಕ ಭಕ್ತರಿಗೆ ಬೇಸರವಾದದ್ದು ನಿಜ. ಅವರ ಮೇಲಿನ ಗೌರವಕ್ಕೆ ಅದರಿಂದ ಕುಂದು ಬರಲಿಲ್ಲ. ಗುಡಿಗೆ ಹೋಗಿ ಬಂದವರೇ ಫೋರಂ ಉಪನ್ಯಾಸಕ್ಕೂ ಹೋಗಿ ಕೂರುತ್ತಿದ್ದರು. ಈ ಒಂದು ಸಂಗತಿಗಾಗಿ ನನಗೆ ಬಸವನಗುಡಿಯ ಮೇಲೆ ಬಹಳ ಪ್ರೀತಿ. ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು.

ಕಿರಿಯ ತಲೆಮಾರಿಗೆ ಗಾಂಧಿಬಜಾರೇ ಕಾವ್ಯವಾಯಿತು. ಕೆ.ಎಸ್. ನಿಸಾರ್ ಅಹಮದರ ಮೊದಲ ಸಂಕಲನ 1960ರ 'ಮನಸು ಗಾಂಧಿಬಜಾರು'. ಬಡಾವಣೆಯ ಬೀದಿಯೊಂದು ಕನ್ನಡ ನವ್ಯದ ಪುಸ್ತಕಕ್ಕೆ ಹೆಸರಾದದ್ದು ಅದೇ. 1980ರಲ್ಲಿ ಶುರುವಾದ ಪಿ. ಲಂಕೇಶರ ಪತ್ರಿಕೆಯ ಕಚೇರಿ ಈಸ್ಟ್ ಆಂಜನೇಯ ಟೆಂಪಲ್ ಸ್ಟ್ರೀಟಿನಲ್ಲಿತ್ತು. ನರಸಿಂಹರಾಜ ಕಾಲೊನಿಯಲ್ಲಿ ಎಂ.ವಿ. ಸೀತಾರಾಮಯ್ಯನವರು 1979ರಲ್ಲಿ ಸ್ಥಾಪಿಸಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಹಳಗನ್ನಡ ಓದುವವರಿಗೂ ಹಸ್ತಪ್ರತಿ ಹುಡುಕುವವರಿಗೂ ಬಾಗಿಲು ತೆರೆದಿಟ್ಟಿತು. ಬರೀ ಅಕ್ಷರವಂತರ ಊರು ಎಂದುಕೊಳ್ಳಬೇಡಿ. 619 ಟೆಸ್ಟ್ ವಿಕೆಟ್ ಪಡೆದ ಅನಿಲ್ ಕುಂಬ್ಳೆ ನ್ಯಾಷನಲ್ ಹೈಸ್ಕೂಲಿನ ಹುಡುಗ. ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬೆಳಗ್ಗೆ ಕ್ರಿಕೆಟ್ಟು, ಚುನಾವಣೆ ಬಂದರೆ ಸಂಜೆ ಎಲ್ಲ ಪಕ್ಷಗಳ ಭಾಷಣ.

1987ರಿಂದ ಈಚೆಗೆ

ಈಚಿನ ವರ್ಷಗಳ ಬದಲಾವಣೆ ಕಣ್ಣೆದುರಿಗೇ ಇರುವುದರಿಂದ ಹೆಚ್ಚು ಹೇಳಬೇಕಿಲ್ಲ. ಹೆಂಚಿನ ಮನೆಗಳು ಒಂದೊಂದಾಗಿ ಇಳಿದು ಅಪಾರ್ಟ್‌ಮೆಂಟುಗಳು ಎದ್ದವು. ಅಣ್ಣತಮ್ಮಂದಿರ ಪಾಲು, ವಿದೇಶದಲ್ಲಿ ನೆಲೆಸಿದ ಮಕ್ಕಳು, ಏರಿದ ನೆಲದ ಬೆಲೆ, ಕಾರಣಗಳು ಮನೆಗೊಂದು. ವಠಾರಗಳು ಬಹುಮಟ್ಟಿಗೆ ಹೋದವು. 2017ರ ಜೂನ್‌ನಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗ ಪೂರ್ತಿಯಾಗಿ ತೆರೆದಾಗ ನಿಲ್ದಾಣಕ್ಕೆ ನ್ಯಾಷನಲ್ ಕಾಲೇಜ್ ಎಂಬ ಹೆಸರಾಯಿತು. ಗಾಂಧಿಬಜಾರನ್ನು ಹೊಸದಾಗಿ ರೂಪಿಸುವ ಕೆಲಸ ನಡೆದಾಗ ಹೂವಿನವರು, ವೀಳ್ಯದೆಲೆಯವರು, ತರಕಾರಿಯವರು ತಮ್ಮ ಜಾಗಕ್ಕಾಗಿ ಆತಂಕಪಟ್ಟರು, ನಿವಾಸಿಗಳು ಮರಗಳಿಗಾಗಿ ದನಿಯೆತ್ತಿದರು. ಎಲ್ಲರ ಮಾತಿನಲ್ಲೂ ಹುರುಳಿತ್ತು. ನನ್ನ ಮಟ್ಟಿಗೆ ಗೌರಿಹಬ್ಬದ ಮುಂಚಿನ ದಿನ ಬಾಳೆಕಂದು, ಸೇವಂತಿಗೆ, ಬಿಚ್ಚೋಲೆ, ಮಣ್ಣಿನ ಗಣಪನ ನಡುವೆ ಭುಜಕ್ಕೆ ಭುಜ ತಾಗಿಸಿ ನಡೆಯಲು ಆಗುವವರೆಗೆ ಅದು ಗಾಂಧಿಬಜಾರೇ.

ಸಂಸ್ಥೆಗಳ ಕೆಲಸ ನಡೆದಿದೆ. ಗೋಖಲೆ ಸಂಸ್ಥೆಯಲ್ಲಿ ಡಿವಿಜಿಯವರ ಬರಹದ ಪಾಠಗಳಿವೆ, ವಾಡಿಯಾ ಹಾಲಿನಲ್ಲಿ ಸಂಜೆಯ ಕಾರ್ಯಕ್ರಮಗಳಿವೆ, ರಾಮಕೃಷ್ಣ ಮಠದಲ್ಲಿ ಆರತಿಯ ಹಾಡು ಕೇಳಲು ಬೇರೆ ಬಡಾವಣೆಗಳಿಂದಲೂ ಜನ ಬರುತ್ತಾರೆ. ಕೇಳುಗರಲ್ಲಿ ತಲೆ ನರೆತವರೇ ಹೆಚ್ಚು ಎಂಬುದು ಯೋಚನೆಯ ಮಾತು. ಅದಕ್ಕೆ ದಾರಿ ಈ ಬಡಾವಣೆಯ ಶಾಲಾ ಕಾಲೇಜುಗಳಲ್ಲೇ ಇದೆ. ವಾರಕ್ಕೊಂದು ಸಂಜೆಯ ಉಪನ್ಯಾಸವನ್ನು ಪಾಠದ ಭಾಗವೆಂದು ಲೆಕ್ಕ ಹಿಡಿದರೆ ಸಾಕು, ಮಕ್ಕಳು ಹತ್ತು ನಿಮಿಷ ನಡೆದರೆ ತಲುಪುತ್ತಾರೆ. ಉಳಿದಿರುವ ಹೆಂಚಿನ ಮನೆಗಳು ಬೀಳುವ ಮೊದಲು ಅವುಗಳ ಅಳತೆ, ನಕ್ಷೆ, ಚಿತ್ರಗಳನ್ನು ದಾಖಲಿಸುವ ಕೆಲಸವನ್ನು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು. ಮನೆ ಮಾರುವ ಕುಟುಂಬಗಳು ಹಳೆಯ ಕ್ರಯಪತ್ರ, ಫೋಟೊ, ದಿನಚರಿಗಳನ್ನು ರದ್ದಿಗೆ ಹಾಕುವ ಮುನ್ನ ವಾಡಿಯಾ ಹಾಲಿನ ಪುಸ್ತಕ ಭಂಡಾರಕ್ಕೋ ಬಿ.ಎಂ.ಶ್ರೀ. ಪ್ರತಿಷ್ಠಾನಕ್ಕೋ ಒಮ್ಮೆ ತೋರಿಸಲಿ. ಮುಂದೆ ಈ ಬಡಾವಣೆಯ ಚರಿತ್ರೆ ಬರೆಯುವವರಿಗೆ ಅವು ಬೇಕಾಗುತ್ತವೆ.